ಇಂದೂರಿನಲ್ಲಿ ಮೈಸೂರು ತಂಡ: ಯುದ್ಧಕಾಲದ ಕೊನೆಯ ಕ್ರಿಕೆಟ್ ಋತುವನ್ನು ಕುರಿತು

ಶಾಸನ, ಕೈಫಿಯತ್ತು, ಕಂದಾಯದ ಕಡತ ಇವುಗಳನ್ನು ಚರಿತ್ರೆಯ ಆಕರಗಳೆಂದು ಒಪ್ಪಿಕೊಳ್ಳಲು ನಮ್ಮ ವಿದ್ಯಾರ್ಥಿಗಳಿಗೆ ಕಷ್ಟವಾಗುವುದಿಲ್ಲ. ಒಂದು ಕ್ರಿಕೆಟ್ ಪಂದ್ಯದ ಲೆಕ್ಕಪಟ್ಟಿಯನ್ನು ಅವುಗಳ ಪಕ್ಕದಲ್ಲಿಟ್ಟರೆ ಮಾತ್ರ ಅವರು ನಗುತ್ತಾರೆ. ಆದರೆ ಇಂತಹ ಪಟ್ಟಿಯೂ ಒಂದು ದಾಖಲೆಯೇ. ಯಾರು ಯಾರ ಪರವಾಗಿ ಆಡಿದರು, ಎಷ್ಟು ಹೊತ್ತು ದುಡಿದರು, ಯಾರ ಹೆಸರು ಉಳಿಯಿತು, ಯಾರದು ಮರೆಯಾಯಿತು ಎಂಬುದು ಅದರಲ್ಲಿ ಅಡಗಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದ ಪಾಠ ನಡೆಯುತ್ತಿದ್ದಾಗ ಸುಳ್ಯದ ಕಡೆಯ ವಿದ್ಯಾರ್ಥಿಯೊಬ್ಬ ಎದ್ದು, "ಆಗ ನಮ್ಮ ತಂಡ ಯಾವುದು ಸಾರ್?" ಎಂದು ಕೇಳಿದನು. ತರಗತಿಯಲ್ಲಿ ಆ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಅವಸರದ್ದಾಗಿತ್ತು. ಅದನ್ನು ಇಲ್ಲಿ ಸಾವಧಾನವಾಗಿ ವಿಚಾರಿಸಬೇಕೆಂದಿದ್ದೇವೆ.

ಅಂದಿನ ರಾಜಕೀಯ ಭೂಪಟವನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಇಂದಿನ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳ ಬಹುಭಾಗ ಅಂದು ಪುತ್ತೂರು ಎಂಬ ಒಂದೇ ತಾಲೂಕಿನೊಳಗಿತ್ತು. ಆ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೂ, ಜಿಲ್ಲೆಯು ಮದರಾಸು ಪ್ರಾಂತಕ್ಕೂ ಸೇರಿತ್ತು. ಸುಳ್ಯದಿಂದ ಸಂಪಾಜೆಯ ಮಾರ್ಗವಾಗಿ ಘಟ್ಟ ಹತ್ತಿದರೆ ಕೊಡಗು. ಅದು ಚೀಫ್ ಕಮಿಷನರರ ಆಡಳಿತದ ಬೇರೊಂದು ಪ್ರಾಂತ. ಅಲ್ಲಿಂದ ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದ ಮೇಲೆ ಮೈಸೂರು ಅರಸರ ಸೀಮೆ. ಉಪ್ಪಿನಂಗಡಿಯಿಂದ ಶಿರಾಡಿ ಘಟ್ಟ ಹತ್ತಿ ಸಕಲೇಶಪುರಕ್ಕೆ ಹೋದರೂ ಮೈಸೂರು ಸೀಮೆಯೇ ಸಿಕ್ಕುತ್ತಿತ್ತು. ಕನ್ನಡ ಮಾತು ಎಲ್ಲ ಕಡೆಯೂ ಇತ್ತು, ಆಡಳಿತ ಮಾತ್ರ ಮೂರು. ಅಮರಸುಳ್ಯದ ಮಾಗಣೆ 1834ರಲ್ಲಿ ಕೊಡಗಿನಿಂದ ಕಳಚಿ ಕೆನರಾ ಜಿಲ್ಲೆಗೆ ಸೇರಿದುದನ್ನೂ, 1837ರ ದಂಗೆಯನ್ನೂ ಬಲ್ಲ ನಮ್ಮ ಓದುಗರಿಗೆ ಗಡಿಯ ಗೆರೆಗಳು ಜನಜೀವನವನ್ನು ಎಷ್ಟು ಹೊಕ್ಕಿರುತ್ತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರಣಜಿ ಟ್ರೋಫಿ ಎಂದು ಹೆಸರಾದ ಅಖಿಲ ಭಾರತ ಕ್ರಿಕೆಟ್ ಪಂದ್ಯಾವಳಿ 1934ರಲ್ಲಿ ಆರಂಭವಾದಾಗ ಅದರ ತಂಡಗಳು ಇದೇ ಭೂಪಟವನ್ನು ಅನುಸರಿಸಿದವು. ಪ್ರಾಂತಕ್ಕೊಂದು, ದೊಡ್ಡ ಸಂಸ್ಥಾನಕ್ಕೊಂದು ತಂಡ. ಆದ್ದರಿಂದ ಆ ವಿದ್ಯಾರ್ಥಿಯ ಪ್ರಶ್ನೆಗೆ ನಿಯಮಾನುಸಾರವಾದ ಉತ್ತರ 'ಮದರಾಸು' ಎಂಬುದೇ ಆಗುತ್ತದೆ. ಪುತ್ತೂರಿನ ಹುಡುಗನೊಬ್ಬನು ಕುಟ್ಟಿದೊಣ್ಣೆಯಿಂದ ಆರಂಭಿಸಿ ಬ್ಯಾಟಿನವರೆಗೆ ಬೆಳೆದು ಬಂದಿದ್ದರೆ ಅವನು ಮದರಾಸಿನ ಪರವಾಗಿ ಮೈಸೂರಿನ ಎದುರು ಆಡಬೇಕಾಗುತ್ತಿತ್ತು. ಬೆಂಗಳೂರಿಗೆ ಹೋಗಿ ಆಟ ನೋಡುವುದೂ ಸುಲಭವಾಗಿರಲಿಲ್ಲ. ಮಂಗಳೂರಿನಿಂದ ಪುತ್ತೂರಿನ ಮೂಲಕ ಹಾಸನಕ್ಕೆ ರೈಲುಮಾರ್ಗ ಪೂರ್ಣವಾದದ್ದು 1970ರ ದಶಕದ ಕೊನೆಯಲ್ಲಿ. ಅದಕ್ಕೆ ಮೊದಲು ರೈಲಿನಲ್ಲಿ ಹೋಗುವವರು ಮಂಗಳೂರಿನಿಂದ ಮಲಬಾರನ್ನು ಸುತ್ತಿಕೊಂಡು ಹೋಗಬೇಕಾಗಿತ್ತು. ಬಸ್ಸಿನ ದಾರಿ ಹತ್ತಿರದ್ದಾದರೂ ಯುದ್ಧಕಾಲದಲ್ಲಿ ಪೆಟ್ರೋಲಿಗೆ ನಿರ್ಬಂಧ ಬಂದು, ಬೆನ್ನಿಗೆ ಇದ್ದಲಿನ ಒಲೆಯನ್ನು ಕಟ್ಟಿಕೊಂಡ ಗ್ಯಾಸ್ ಬಸ್ಸುಗಳು ಏದುತ್ತ ಓಡಾಡುತ್ತಿದ್ದವು. ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ನಡೆದ ಕಥೆಗಳನ್ನು ನಮ್ಮ ಊರ ಹಿರಿಯರ ಬಾಯಿಂದ ಕೇಳಿಲ್ಲದವರು ವಿರಳ.

ಮೈಸೂರು ತಂಡದ ಆರಂಭ ಶುಭಕರವಾಗಿರಲಿಲ್ಲ. ಮೈಸೂರು ಸಂಸ್ಥಾನದ ಕ್ರಿಕೆಟ್ ಸಂಸ್ಥೆ 1933ರಲ್ಲಿ ಹುಟ್ಟಿತು. ಮರುವರ್ಷ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ ಮದರಾಸಿಗೂ ಮೈಸೂರಿಗೂ ನಡೆಯಿತು. ಮೈಸೂರು 48 ಮತ್ತು 59, ಮದರಾಸು 130. ಸೂರ್ಯ ಮುಳುಗುವುದರೊಳಗೆ ಪಂದ್ಯ ಮುಗಿದೇ ಹೋಯಿತು. ಮದರಾಸಿನ ಎ. ಜಿ. ರಾಮಸಿಂಗರು ಹನ್ನೊಂದು ವಿಕೆಟ್ಟು ಪಡೆದರು. ಮೈಸೂರಿನ ಪಾಲಿಗೆ ಎಂ. ಜಿ. ವಿಜಯಸಾರಥಿಯವರು ಆರು ವಿಕೆಟ್ಟು ಪಡೆದದ್ದೊಂದೇ ಸಮಾಧಾನ. ಇವರೇ ಮುಂದೆ ಟೆಸ್ಟ್ ಪಂದ್ಯಗಳ ಅಂಪೈರಾಗಿ ಹೆಸರು ಪಡೆದರು.

ಯುದ್ಧ ಬಂದಾಗ ಆಡುವುದೇ ಸರಿಯೇ ಎಂಬ ಪ್ರಶ್ನೆ ಜಗತ್ತಿನ ಎಲ್ಲ ಕಡೆಯೂ ಎದ್ದಿತು. ಉತ್ತರಗಳು ಮಾತ್ರ ಒಂದೇ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ 1940ರಿಂದ 1945ರವರೆಗೆ ಕೌಂಟಿ ಪಂದ್ಯಾವಳಿ ನಡೆಯಲಿಲ್ಲ. ಆಸ್ಟ್ರೇಲಿಯದಲ್ಲಿ ಷೆಫೀಲ್ಡ್ ಷೀಲ್ಡ್ ನಿಂತಿತು. ಅಮೆರಿಕದಲ್ಲಿ ನಮ್ಮ ಕ್ರಿಕೆಟ್ಟಿನ ದಾಯಾದಿಯಂತಿರುವ ಬೇಸ್‌ಬಾಲ್ ಆಟವು ಸಂಬಳದ ಆಟಗಾರರ ವೃತ್ತಿ. ಅದನ್ನು ನಿಲ್ಲಿಸಬೇಕೆ ಎಂಬ ವಿಚಾರ ಬಂದಾಗ ಅಧ್ಯಕ್ಷ ರೂಸ್‌ವೆಲ್ಟರು 1942ರ ಜನವರಿ 15ರಂದು ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸರಿಗೆ ಪತ್ರ ಬರೆದು, ಆಟ ಮುಂದುವರಿಯುವುದು ದೇಶಕ್ಕೆ ಹಿತವೆಂದರು. ದುಡಿಮೆಯ ಹೊತ್ತು ಹೆಚ್ಚಿದ ಜನರಿಗೆ ವಿನೋದವೂ ಹೆಚ್ಚಾಗಿಯೇ ಬೇಕೆಂಬುದು ಅವರ ವಾದ. ಐದಾರು ಸಾವಿರ ಆಟಗಾರರು ಎರಡು ಕೋಟಿ ಜನರಿಗೆ ಮನರಂಜನೆ ಒದಗಿಸುತ್ತಾರೆಂಬ ಲೆಕ್ಕವನ್ನೂ ಕೊಟ್ಟಿದ್ದರು. ಆದರೆ ಸೈನ್ಯಕ್ಕೆ ಹೋಗುವ ವಯಸ್ಸಿನ ಆಟಗಾರರಿಗೆ ವಿನಾಯಿತಿ ಇರಲಿಲ್ಲ. ಬಾಬ್ ಫೆಲ್ಲರ್, ಟೆಡ್ ವಿಲಿಯಮ್ಸ್, ಜೋ ಡಿಮಾಜಿಯೋ ಮೊದಲಾದ ಅಗ್ರಗಣ್ಯರು ಸೇನೆಗೆ ಹೋದರು. ಉಳಿದವರನ್ನು ಕೂಡಿಸಿಕೊಂಡು ತಂಡಗಳು ಆಡಿದವು. ಆ ಪರಿಸ್ಥಿತಿಯಲ್ಲಿಯೇ ಸೇಂಟ್ ಲೂಯಿಯ ಬ್ರೌನ್ಸ್ ತಂಡ 1944ರಲ್ಲಿ ತನ್ನ ಚರಿತ್ರೆಯ ಏಕೈಕ ಲೀಗ್ ಗೆಲುವನ್ನು ಕಂಡಿತು. 1945ರಲ್ಲಿ ಅದೇ ತಂಡದಲ್ಲಿ ಬಲಗೈ ಇಲ್ಲದ ಪೀಟ್ ಗ್ರೇ ಎಂಬ ಆಟಗಾರನು ಆಡಿದನು.

ಭಾರತದಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆಯಾಗಿತ್ತು. ಇಲ್ಲಿ ಯುದ್ಧ ನಮ್ಮನ್ನು ಕೇಳದೆ ಬಂದದ್ದು. ವೈಯಕ್ತಿಕ ಸತ್ಯಾಗ್ರಹದಲ್ಲಿ ಜನರು ಜೈಲು ಸೇರುತ್ತಿದ್ದ 1940ರ ಡಿಸೆಂಬರಿನಲ್ಲಿ ಬೊಂಬಾಯಿಯ ಹಿಂದೂ ಜಿಮ್‌ಖಾನದ ಪ್ರತಿನಿಧಿಗಳು ಗಾಂಧೀಜಿಯವರ ಅಭಿಪ್ರಾಯ ಕೇಳಲು ಹೋದರು. ಯುದ್ಧದ ಹಿಂಸೆ ಮತ್ತು ಸೆರೆಮನೆಯ ಕಷ್ಟಗಳ ನಡುವೆ ಇಂತಹ ವಿನೋದ ಸಲ್ಲದೆಂದೂ, ಹಿಂದೂ, ಮುಸಲ್ಮಾನ, ಪಾರಸಿ ಎಂದು ಮತದ ಹೆಸರಿನಲ್ಲಿ ತಂಡ ಕಟ್ಟುವುದು ತಮಗೆ ಅರ್ಥವಾಗದ ಸಂಗತಿಯೆಂದೂ ಗಾಂಧೀಜಿ ಹೇಳಿದರು. ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ಕಾಲ ಉಳಿಯಿತು. ಮತೀಯ ತಂಡಗಳ ಪೆಂಟಾಂಗ್ಯುಲರ್ ಪಂದ್ಯಾವಳಿ ಜನಪ್ರಿಯವಾಗಿಯೇ ಇದ್ದರೂ 1946ರಲ್ಲಿ ಕೊನೆಗೊಂಡಿತು. ಪ್ರಾಂತಗಳ ಪಂದ್ಯಾವಳಿಯಾದ ರಣಜಿ ಟ್ರೋಫಿ ಯುದ್ಧದ ಒಂದು ವರ್ಷವೂ ನಿಲ್ಲದೆ ನಡೆಯಿತು. ಮತದ ಬದಲು ಪ್ರಾಂತ ಎಂಬುದು ಆ ಕಾಲಕ್ಕೆ ನಿಸ್ಸಂಶಯವಾಗಿ ಮುಂದಿನ ಹೆಜ್ಜೆ. ಆದರೆ ಆ ಪ್ರಾಂತಗಳನ್ನು ಕೊರೆದವರು ಆಂಗ್ಲರು ಎಂಬುದನ್ನು ನಾವು, ಅದರಲ್ಲಿಯೂ ನಮ್ಮ ಜಿಲ್ಲೆಯವರು, ಮರೆಯುವಂತಿಲ್ಲ.

ಮೈಸೂರಿನ ಯುದ್ಧಕಾಲದ ಋತುಗಳಲ್ಲಿ ಎರಡು ಗಮನಾರ್ಹ. 1941-42ರದು ಮೊದಲನೆಯದು. ಆ ಋತುವಿನಲ್ಲಿಯೇ ಯುದ್ಧವು ಪೂರ್ವದಿಕ್ಕಿಗೆ ಹೊರಳಿತು. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್, ಫೆಬ್ರವರಿಯಲ್ಲಿ ಸಿಂಗಾಪುರ, ಮಾರ್ಚಿನಲ್ಲಿ ರಂಗೂನು. ರಂಗೂನು ಬಿದ್ದದ್ದರಿಂದ ಬರ್ಮಾದ ಅಕ್ಕಿ ನಿಂತಿತು. ಆ ಹೊಡೆತ ಅಕ್ಕಿಯನ್ನೇ ನಂಬಿದ ಪಶ್ಚಿಮ ಕರಾವಳಿಗೆ ಎಂತಹುದೆಂಬುದನ್ನು ವಿವರಿಸಬೇಕಾಗಿಲ್ಲ. ಆ ವರ್ಷ ಮೈಸೂರು ಮೊದಲ ಬಾರಿಗೆ ಅಂತಿಮ ಪಂದ್ಯ ತಲುಪಿತು. ಅದಕ್ಕೆ ದಾಟಬೇಕಾಗಿದ್ದ ದಕ್ಷಿಣ ವಲಯದಲ್ಲಿ ಹಿಂದಿನ ವರ್ಷವಷ್ಟೇ ಅಂತಿಮ ಪಂದ್ಯ ಆಡಿದ್ದ ಮದರಾಸೂ, 1937-38ರಲ್ಲಿ ಟ್ರೋಫಿಯನ್ನೇ ಗೆದ್ದಿದ್ದ ಹೈದರಾಬಾದೂ ಇದ್ದವು. ಒಂದೇ ದಿನದಲ್ಲಿ ಸೋತಿದ್ದ ತಂಡ ಏಳು ವರ್ಷಗಳಲ್ಲಿ ಅಷ್ಟು ದೂರ ನಡೆದಿತ್ತು. ಆದರೆ ಅಂತಿಮ ಪಂದ್ಯದಲ್ಲಿ ಬೊಂಬಾಯಿ ಒಂದು ಇನ್ನಿಂಗ್ಸ್ ಮತ್ತು 281 ರನ್ನುಗಳಿಂದ ಮೈಸೂರನ್ನು ಸೋಲಿಸಿತು.

ಎರಡನೆಯದು 1945-46ರ ಋತು. ನಮ್ಮ ವಿಚಾರದ ಮುಖ್ಯ ಭಾಗ ಇದೇ. ಜಪಾನು 1945ರ ಸೆಪ್ಟೆಂಬರಿನಲ್ಲಿ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿತ್ತಾದ್ದರಿಂದ ಇದನ್ನು ಯುದ್ಧಕಾಲವೆನ್ನಬಹುದೇ ಎಂದು ಕೆಲವರು ಕೇಳಬಹುದು. ನಮ್ಮ ಮಟ್ಟಿಗೆ ಎನ್ನಬಹುದು. ಸಂಧಿಪತ್ರದ ತಾರೀಕಿಗೆ ಯುದ್ಧ ಮುಗಿಯುವುದು ಪಠ್ಯಪುಸ್ತಕದಲ್ಲಿ ಮಾತ್ರ. ರೇಷನ್ ಕಾರ್ಡು, ಪೆಟ್ರೋಲಿನ ಕೂಪನ್ನು, ಮನೆಗೆ ಹಿಂದಿರುಗದ ಸಿಪಾಯಿ ಇವೆಲ್ಲ ಮರುವರ್ಷವೂ ಇದ್ದವು. 1946ರ ಆರಂಭದಲ್ಲಿ ಮಳೆ ತಪ್ಪಿದ ಮೈಸೂರು, ಮದರಾಸು, ಬೊಂಬಾಯಿ ಸೀಮೆಗಳಲ್ಲಿ ಬರದ ಭೀತಿ ಕವಿದು, ತಲೆಯೊಂದಕ್ಕೆ ದಿನಕ್ಕೆ ಒಂದು ಪೌಂಡು ಇದ್ದ ಧಾನ್ಯದ ರೇಷನ್ನು 12 ಔನ್ಸಿಗೆ ಇಳಿಯಿತು. ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಸೇನೆಯ ಅಧಿಕಾರಿಗಳ ವಿಚಾರಣೆ ಆಗಷ್ಟೇ ನಡೆದಿತ್ತು. ಫೆಬ್ರವರಿಯಲ್ಲಿ ಬೊಂಬಾಯಿಯ ನೌಕಾಪಡೆಯ ನಾವಿಕರು ದಂಗೆಯೆದ್ದರು. ಬೆಂಗಳೂರಂತೂ ಯುದ್ಧದ ಊರೇ ಆಗಿಬಿಟ್ಟಿತ್ತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದೊಡನೆ ಕೂಡಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯ ಆಡಳಿತ 1943ರಲ್ಲಿ ಅಮೆರಿಕದ ಸೇನೆಯ ವಾಯುಪಡೆಯ ಕೈಗೆ ಹೋಗಿತ್ತು. ದಂಡಿನ ಪ್ರದೇಶದಲ್ಲಿ ಗೋರಾ ಸಿಪಾಯಿಗಳು, ಊರ ಹೊರಗಿನ ಶಿಬಿರಗಳಲ್ಲಿ ಇಟಲಿಯ ಯುದ್ಧಕೈದಿಗಳು. ಇವುಗಳ ನಡುವೆ ಮೈಸೂರು ತಂಡ ಮತ್ತೆ ದಕ್ಷಿಣ ವಲಯದಿಂದ ಮೇಲೆ ಬಂದು ಸೆಮಿಫೈನಲ್ ಪಂದ್ಯಕ್ಕೆಂದು ಇಂದೂರಿಗೆ ಹೊರಟಿತು.

ಎದುರಾಳಿ ಹೋಳ್ಕರ್ ಸಂಸ್ಥಾನದ ತಂಡ. ಭಾರತದಲ್ಲಿ ಅಮೆರಿಕದ ಬೇಸ್‌ಬಾಲ್‌ನಂತಹ ವೃತ್ತಿಪರ ಲೀಗು ಅಂದು ಇರಲಿಲ್ಲ. ಆದರೆ ಅದಕ್ಕೆ ಅತಿ ಸಮೀಪವಾದ ವ್ಯವಸ್ಥೆ ಯಾವುದೆಂದರೆ ಈ ಇಂದೂರಿನದೇ. ಮಹಾರಾಜ ಯಶವಂತರಾವ್ ಹೋಳ್ಕರರು ಆಟಗಾರರನ್ನು ಬೇರೆ ಬೇರೆ ಕಡೆಗಳಿಂದ ಕರೆಸಿ ಆಶ್ರಯ ಕೊಟ್ಟರು. ನಾಗಪುರದವರಾದ ಸಿ. ಕೆ. ನಾಯಡು ಅವರು 1920ರ ದಶಕದಲ್ಲಿಯೇ ಇಂದೂರಿಗೆ ಬಂದು ಸಂಸ್ಥಾನದ ಸೈನ್ಯದಲ್ಲಿ ಹುದ್ದೆ ಪಡೆದವರು. 'ಕರ್ನಲ್' ಎಂಬ ಅವರ ಬಿರುದಿನ ಮೂಲ ಇದು. ಸೈನ್ಯದ ಹುದ್ದೆ, ಕೆಲಸ ಕ್ರಿಕೆಟ್ಟು. ಆಶ್ರಯ ಎಂಬ ಮಾತನ್ನು ಬಿಟ್ಟು ಸಂಬಳ ಎಂದರೆ ತಪ್ಪಾಗದು. ಯುದ್ಧವೂ ಈ ತಂಡಕ್ಕೆ ನೆರವಾಯಿತು. ಹತ್ತಿರದ ಮ್ಹಾವ್ ದಂಡಿನಲ್ಲಿದ್ದ ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್ನರು 1944-45ರ ಅಂತಿಮ ಪಂದ್ಯದಲ್ಲಿ ಹೋಳ್ಕರ್ ಪರವಾಗಿ ಆಡಿ, ಔಟಾಗದೆ 249 ರನ್ನು ಹೊಡೆದರು. ಆದರೂ ಗೆದ್ದದ್ದು ಬೊಂಬಾಯಿ.

ಇಂದೂರಿನ ಪಂದ್ಯದಲ್ಲಿ ಹೋಳ್ಕರ್ ತಂಡ ಎಂಟು ವಿಕೆಟ್ಟಿಗೆ 912 ರನ್ನು ಮಾಡಿ ಇನ್ನಿಂಗ್ಸನ್ನು ಮುಗಿದಂತೆ ಘೋಷಿಸಿತು. ಒಂದೇ ಇನ್ನಿಂಗ್ಸಿನಲ್ಲಿ ಆರು ಜನ ಶತಕ ಹೊಡೆದರು: ಭಂಡಾರ್ಕರ್ 142, ಸರ್ವಟೆ 101, ಜಗದಾಳೆ 164, ನಾಯಡು 101, ನಿಂಬಾಳ್ಕರ್ 172, ಪ್ರತಾಪ್ ಸಿಂಗ್ 100. ಈ ಆರು ಸಂಖ್ಯೆಗಳನ್ನು ಕೂಡಿಸಿದರೇ 780 ಆಗುತ್ತದೆ. ನಾಯಡು ಅವರಿಗೆ ಅಂದು ಐವತ್ತು ವರ್ಷ ತುಂಬಿತ್ತು. ಒಂದು ಇನ್ನಿಂಗ್ಸಿನಲ್ಲಿ ಆರು ಶತಕ ಎಂಬುದು ವಿಶ್ವದಾಖಲೆಯಾಗಿ ಪುಸ್ತಕಗಳಲ್ಲಿ ಸೇರಿತು. ಕ್ರಿಕೆಟ್ ಚರಿತ್ರೆಯನ್ನು ಬರೆದವರು ಈ ಪಂದ್ಯವನ್ನು ಸ್ಮರಿಸುವಾಗಲೆಲ್ಲ ಆರು ಹೆಸರುಗಳನ್ನು ಹೇಳಿ ಮುಂದೆ ಸಾಗುತ್ತಾರೆ. ಅಲ್ಲಿ ಮೈಸೂರು ಬರುವುದು 'ಮೈಸೂರಿನ ವಿರುದ್ಧ' ಎಂಬ ಎರಡು ಪದಗಳಲ್ಲಿ ಮಾತ್ರ.

ನಾವು ಅದೇ ಪಟ್ಟಿಯ ಕೆಳಭಾಗವನ್ನು, ಬೌಲರುಗಳ ಲೆಕ್ಕವನ್ನು ಓದಬೇಕೆನ್ನುತ್ತೇವೆ. ಅಲ್ಲಿ ಬಿ. ಕೆ. ಗರುಡಾಚಾರ್ ಎಂಬ ಹೆಸರಿದೆ. 1917ರ ಜನವರಿಯಲ್ಲಿ ಹುಟ್ಟಿದ, ಆಗ ಇಪ್ಪತ್ತೊಂಬತ್ತು ವರ್ಷದ ಲೆಗ್‌ಬ್ರೇಕ್ ಬೌಲರು ಇವರು. ಇವರ ಹೆಸರಿನ ಮುಂದೆ 69 ಓವರು, 301 ರನ್ನು, ನಾಲ್ಕು ವಿಕೆಟ್ಟು ಎಂದಿದೆ. ಆರು ಚೆಂಡಿನ ಓವರಿನ ಲೆಕ್ಕದಲ್ಲಿ ಅದು 414 ಎಸೆತ. ಒಂದು ಇನ್ನಿಂಗ್ಸಿನಲ್ಲಿ ಬೌಲರೊಬ್ಬನು ಮುನ್ನೂರಕ್ಕೆ ಮಿಕ್ಕಿ ರನ್ನು ಕೊಟ್ಟ ಅಪಕೀರ್ತಿ ಇದು ಎಂದು ಎಣಿಸುವವರಿದ್ದಾರೆ. ವಿಚಿತ್ರ ದಾಖಲೆಗಳ ಸಾಲಿಗೆ ಸೇರಿಸಿ ನಗುವವರೂ ಇದ್ದಾರೆ. ಆ ಎಣಿಕೆ ನಮಗೆ ಒಪ್ಪಿಗೆಯಾಗುವುದಿಲ್ಲ. 301 ಎಂಬುದು ಚೆಂಡನ್ನು ಕೈಬಿಡದವನ ಲೆಕ್ಕ. ಚೆನ್ನಾಗಿ ಎಸೆಯಲಾರದವನಿಗೆ ನಾಯಕನು ಅರವತ್ತೊಂಬತ್ತು ಓವರು ಕೊಡುವುದಿಲ್ಲ, ಹತ್ತರಲ್ಲಿಯೇ ನಿಲ್ಲಿಸುತ್ತಾನೆ. ಬಿದ್ದ ಎಂಟು ವಿಕೆಟ್ಟುಗಳಲ್ಲಿ ಅರ್ಧವನ್ನು ಪಡೆದವರು ಇವರೇ ಎಂಬುದನ್ನೂ ಗಮನಿಸಬೇಕು. ಸೋತ ರಾಜರ ಶಾಸನಗಳು ವಿರಳವಾದ್ದರಿಂದ ಯುದ್ಧಗಳ ವರ್ಣನೆ ಗೆದ್ದವರ ಬಾಯಲ್ಲಿಯೇ ಉಳಿಯುತ್ತದೆಂದು ನಾವು ತರಗತಿಯಲ್ಲಿ ಹೇಳುವುದುಂಟು. ಆಟದ ಪಟ್ಟಿಯಲ್ಲಿ ಹಾಗಿಲ್ಲ. ಸೋತವನ ದುಡಿಮೆಯೂ ಅದೇ ಕಾಗದದಲ್ಲಿ ಅಚ್ಚಾಗಿರುತ್ತದೆ. ಓದುವವರು ಬೇಕು, ಅಷ್ಟೆ.

ಮೈಸೂರಿನ ಮೊದಲ ಇನ್ನಿಂಗ್ಸ್ 190ಕ್ಕೆ ಮುಗಿದಿತ್ತು. ಶತಕ ಹೊಡೆದ ಸರ್ವಟೆಯವರೇ 61 ರನ್ನಿಗೆ ಒಂಬತ್ತು ವಿಕೆಟ್ಟುಗಳನ್ನೂ ಪಡೆದಿದ್ದರು. ಎರಡನೆಯ ಇನ್ನಿಂಗ್ಸಿಗೆ ಇಳಿದಾಗ ಮೈಸೂರು 722 ರನ್ನು ಹಿಂದೆ ಇತ್ತು. ಗೆಲ್ಲುವ ಮಾತಿರಲಿ, ಸಮಕ್ಕೆ ಬರುವ ಮಾತೂ ಅಲ್ಲಿ ಇರಲಿಲ್ಲ. ಇಂತಹ ಸ್ಥಿತಿಯಲ್ಲಿ ತಂಡಗಳು ಸಾಮಾನ್ಯವಾಗಿ ಬೇಗನೆ ಮುಗಿಸಿ ರೈಲು ಹತ್ತುತ್ತವೆ. ಆದರೆ ಮೈಸೂರು 509 ರನ್ನು ಮಾಡಿತು. ಅದರಲ್ಲಿ 164 ಗರುಡಾಚಾರರದು. ನಾನೂರಕ್ಕೂ ಹೆಚ್ಚು ಚೆಂಡೆಸೆದ ಭುಜದಿಂದಲೇ ಆ ಮನುಷ್ಯ ಬ್ಯಾಟು ಹಿಡಿದು ಅಷ್ಟು ರನ್ನು ತೆಗೆದರು. ಎರಡೂ ಇನ್ನಿಂಗ್ಸ್ ಸೇರಿದರೂ ಹೋಳ್ಕರಿನ ಒಂದೇ ಇನ್ನಿಂಗ್ಸಿಗೆ 213 ರನ್ನು ಕಡಿಮೆಯೇ. ಹೋಳ್ಕರ್ ಅಂತಿಮ ಪಂದ್ಯಕ್ಕೆ ಹೋಗಿ, ಬರೋಡವನ್ನು 56 ರನ್ನುಗಳಿಂದ ಸೋಲಿಸಿ, ಮೊದಲ ಬಾರಿಗೆ ಟ್ರೋಫಿಯನ್ನು ಪಡೆಯಿತು.

ಬರಗಾಲ ಬಾಗಿಲಿಗೆ ಬಂದಿದ್ದಾಗ ಇಂತಹ ಆಟ ಸಲ್ಲುತ್ತಿತ್ತೇ ಎಂಬ ಪ್ರಶ್ನೆಯನ್ನು ಬಿಟ್ಟುಬಿಡುವುದು ಪ್ರಾಮಾಣಿಕವಲ್ಲ. ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ 1943ರ ಕೊನೆಯಲ್ಲಿಯೇ ಬೊಂಬಾಯಿಯ ಬ್ರೇಬೋರ್ನ್ ಮೈದಾನದಲ್ಲಿ ವಿಜಯ ಹಜಾರೆಯವರ 309 ರನ್ನುಗಳ ಪ್ರಸಿದ್ಧ ಆಟ ನಡೆದದ್ದು. ಎರಡೂ ಸಂಗತಿಗಳನ್ನು ಒಂದೇ ಪುಟದಲ್ಲಿ ಬರೆಯುವಾಗ ಲೇಖನಿ ತಡವರಿಸುತ್ತದೆ. ರೂಸ್‌ವೆಲ್ಟರ ವಾದವನ್ನು ಇಲ್ಲಿಗೆ ತಂದು ಹೊಂದಿಸುವುದು ಸುಲಭವಲ್ಲ. ಅಲ್ಲಿ ಹೊಟ್ಟೆ ತುಂಬಿದ ಕಾರ್ಮಿಕನಿಗೆ ಸಂಜೆಯ ವಿನೋದ ಬೇಕಾಗಿತ್ತು. ಇಲ್ಲಿ ಬೇಕಾಗಿದ್ದದ್ದು ಅಕ್ಕಿ. ಹಾಗೆಂದು ಪಂದ್ಯ ನಿಲ್ಲಿಸಿದ್ದರೆ ಒಂದು ಸೇರು ರಾಗಿ ಹೆಚ್ಚು ಬೆಳೆಯುತ್ತಿತ್ತೆಂದೂ ನಾವು ಹೇಳಲಾರೆವು. ಗಾಂಧೀಜಿಯವರ ಆಕ್ಷೇಪದಲ್ಲಿ ಮತೀಯ ತಂಡಗಳನ್ನು ಕುರಿತ ಭಾಗ ನಮಗೆ ಪೂರ್ಣ ಸಮ್ಮತ. ಯುದ್ಧವಿರುವಾಗ ಆಟವೇ ಸಲ್ಲದೆಂಬ ಭಾಗದಲ್ಲಿ ನಮ್ಮ ಮನಸ್ಸು ಎರಡಾಗಿದೆ.

ಮತ್ತೆ ಸುಳ್ಯದ ವಿದ್ಯಾರ್ಥಿಯ ಪ್ರಶ್ನೆ. ಅಂದು ಹೋಳ್ಕರ್ ಸಂಸ್ಥಾನದ ಸಂಬಳದವರ ಎದುರು ಆಡಿದ ಮೈಸೂರು ತಂಡವು ಕನ್ನಡಿಗರ ತಂಡವಾಗಿರಲಿಲ್ಲ. ಒಂದು ಸಂಸ್ಥಾನದ ತಂಡವಾಗಿತ್ತು. ಅದರಲ್ಲಿ ಕನ್ನಡೇತರರಿಗೂ ಸ್ಥಾನವಿತ್ತು. ಬೊಂಬಾಯಿಯಲ್ಲಿ ಹುಟ್ಟಿದ ಪಾರಸಿ, 1932ರಲ್ಲಿ ಲಾರ್ಡ್ಸಿನಲ್ಲಿ ಭಾರತದ ಮೊದಲ ಟೆಸ್ಟ್ ಆಡಿದ ಫಿರೋಜ್ ಪಾಲಿಯಾ ಅವರೂ ಬೆಂಗಳೂರಿಗೆ ಬಂದು ಮೈಸೂರಿನ ಪರವಾಗಿ ಆಡಿದವರು. ಅದೇ ವೇಳೆಗೆ ಧಾರವಾಡದ ಕನ್ನಡಿಗನು ಬೊಂಬಾಯಿ ಪ್ರಾಂತದಲ್ಲಿದ್ದನು, ಕಲಬುರಗಿಯವನು ಹೈದರಾಬಾದಿನಲ್ಲಿದ್ದನು, ಪುತ್ತೂರಿನವನು ಮದರಾಸಿನಲ್ಲಿದ್ದನು. 1956ರ ನವೆಂಬರ್ 1ರಂದು ಈ ಗೆರೆಗಳು ಅಳಿಸಿದವು. ಅದರ ಫಲ ಆಟದಲ್ಲಿಯೂ ಕಂಡಿತು. ನಮ್ಮ ಜಿಲ್ಲೆಯ ಮೂಲ್ಕಿಯಲ್ಲಿ ಹುಟ್ಟಿದ ವಿಕೆಟ್ ಕೀಪರ್ ಬುಧಿ ಕುಂದರನ್ ಅವರು 1960ರ ದಶಕದಲ್ಲಿ ಮೈಸೂರಿನ ಪರವಾಗಿಯೇ ಆಡಿದರು. ಮೈಸೂರು ಎಂಬ ಹೆಸರಿನಲ್ಲಿ ಆ ತಂಡ ಒಮ್ಮೆಯೂ ಟ್ರೋಫಿಯನ್ನು ಗೆಲ್ಲಲಿಲ್ಲ. 1959-60ರಲ್ಲಿ ಮತ್ತೆ ಅಂತಿಮ ಪಂದ್ಯಕ್ಕೆ ಹೋಗಿ ಮತ್ತೆ ಬೊಂಬಾಯಿಗೇ ಸೋತಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಅದೇ ಋತುವಿನಲ್ಲಿ ಪ್ರಸನ್ನರ ನಾಯಕತ್ವದ ತಂಡ ಬೆಂಗಳೂರಿನ ಸೆಮಿಫೈನಲಿನಲ್ಲಿ, ಹದಿನೈದು ವರ್ಷ ಸತತವಾಗಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಹೊರಹಾಕಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಗೆದ್ದಿತು.

1974ರ ಆ ಗೆಲುವನ್ನು ನಮ್ಮದೆನ್ನಲು ಪುತ್ತೂರಿನಲ್ಲಿ ಯಾರೂ ಹಿಂಜರಿಯುವುದಿಲ್ಲ. ಹಾಗಾದರೆ 1946ರ ಇಂದೂರಿನ ಲೆಕ್ಕವೂ ನಮ್ಮದೇ, ಅಂದು ನಾವು ಗಡಿಯ ಈಚೆಗಿದ್ದರೂ. ಸೋಲನ್ನು ಬಿಟ್ಟು ಗೆಲುವನ್ನು ಮಾತ್ರ ಪಿತ್ರಾರ್ಜಿತವೆಂದು ಬರೆಸಿಕೊಳ್ಳಲು ಬರುವುದಿಲ್ಲ. ತರಗತಿಯಲ್ಲಿ ನಾವು 'ಮದರಾಸು' ಎಂದು ಹೇಳಿ ಕುಳಿತುಬಿಟ್ಟಿದ್ದೆವು. ಆ ಉತ್ತರವನ್ನು ಈಗ ಇಷ್ಟು ತಿದ್ದಿಕೊಳ್ಳುತ್ತಿದ್ದೇವೆ.

ಇಂದೂರಿನಲ್ಲಿ ಶತಕ ಹೊಡೆದವರಲ್ಲಿ ನಿಂಬಾಳ್ಕರರು 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ, ಮಹಾರಾಷ್ಟ್ರದ ಪರವಾಗಿ ಔಟಾಗದೆ 443 ರನ್ನು ಹೊಡೆದು ಇನ್ನಷ್ಟು ಪ್ರಸಿದ್ಧರಾದರು. ಸರ್ವಟೆಯವರು 1946ರ ಬೇಸಗೆಯಲ್ಲಿ ಭಾರತ ತಂಡದೊಡನೆ ಇಂಗ್ಲೆಂಡಿಗೆ ಹೋಗಿ, ಓವಲ್ ಮೈದಾನದಲ್ಲಿ ಬ್ಯಾನರ್ಜಿಯವರೊಡನೆ ಕೊನೆಯ ವಿಕೆಟ್ಟಿಗೆ 249 ರನ್ನು ಸೇರಿಸಿದರು. ಗರುಡಾಚಾರರಿಗೆ ಟೆಸ್ಟ್ ಪಂದ್ಯವಾಡುವ ಅವಕಾಶ ಎಂದೂ ಬರಲಿಲ್ಲ. ಅವರು 2016ರ ಫೆಬ್ರವರಿಯಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.